ಪಂಚನಾಮೆಯ ಒಲೆ

ನಮ್ಮ ಮನೆಯಲ್ಲಿ ವಾರವೆಂದರೆ ಏಳು ಗಂಟು. ಹಳೆಯ ಸೀರೆ ಹರಿದು ಮಾಡಿದ ಏಳು ಅರಿವೆ ಚೂರು, ಒಂದೊಂದಕ್ಕೆ ಒಂದೊಂದು ಬಣ್ಣ. ರವಿವಾರ ಮಧ್ಯಾಹ್ನ ನನ್ನ ಅತ್ತೆ ಗಿರಿಜಾಬಾಯಿ ಬಾಗಿಲಲ್ಲಿ ಕಾಲು ಚಾಚಿ ಕೂತು, ಮೊರದ ತುಂಬ ಬೇಳೆ ಹರವಿಕೊಂಡು, ಏಳು ದಿನಕ್ಕೆ ಏಳು ಗಂಟು ಕಟ್ಟುತ್ತಿದ್ದಳು. ಸೋಮವಾರದ್ದು ಹಳದಿ, ಮಂಗಳವಾರದ್ದು ಕೆಂಪು, ಹೀಗೆ ಹೋಗಿ ಶನಿವಾರದ್ದು ಹಸಿರು. ನನ್ನ ಮಗಳು ಶೀತಲ ವಾರಗಳ ಹೆಸರನ್ನು ಶಾಲೆಯಲ್ಲಿ ಕಲಿಯಲಿಲ್ಲ, ಈ ಗಂಟುಗಳಲ್ಲಿ ಕಲಿತಳು. ಆ ದಿನದ ಗಂಟನ್ನು ಆ ದಿನವೇ ಬಿಚ್ಚಬೇಕು. ಒಂದು ದಿನ ಮುಂಚೆ ಕೈ ಹಚ್ಚಿದರೆ ವಾರದ ಕೊನೆಗೆ ಬರೀ ನೀರು ಕುದಿಸಬೇಕಾಗುತ್ತದೆ. ಇಷ್ಟೇ ನಮ್ಮ ಮನೆಯ ಕಾಯ್ದೆ.

ನಾವಿರುವುದು ಭಾಲ್ಕಿಯಲ್ಲಿ. ಒಂದು ಖೋಲಿ, ಮುಂದೆ ತಗಡು ಇಳಿಸಿದ ಒಂದಿಷ್ಟು ಜಾಗ. ನನ್ನ ಗಂಡ ಉತ್ತಮ ಕಾಳಿನ ಮಾರ್ಕೆಟ್ಟಿನಲ್ಲಿ ಚೀಲ ಹೊರುವ ಹಮಾಲಿ. ನಾನು ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತೇನೆ. ದಿನಕ್ಕೆ ಇನ್ನೂರು ಜೋಳದ ರೊಟ್ಟಿ ಮಂದಿಯ ತಾಟಿಗೆ ಹಾಕಿ, ಮನೆಗೆ ಬಂದು ರೇಶನ್ನಿನ ಅಕ್ಕಿಯ ಅನ್ನ ಉಣ್ಣುತ್ತೇನೆ. ನಗುವವರು ನಗಬಹುದು.

ನನಗೆ ಸಿಟ್ಟು ಬೇಗ ಬರುತ್ತದೆ, ಇಳಿಯುವುದು ನಿಧಾನ. ತವರು ಭಾತಂಬ್ರಾದಲ್ಲಿಯೂ ಇದನ್ನೇ ಅನ್ನುತ್ತಿದ್ದರು. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಆದದ್ದೆಲ್ಲ ಆ ಸಿಟ್ಟಿನಿಂದಲೇ ಆದದ್ದು.

ಆಗ ನಮ್ಮ ಕಾರ್ಡಿನ ಮೇಲೆ ನಾಲ್ಕು ತಲೆ ಇದ್ದವು, ತಲೆಗೆ ಐದು ಕಿಲೊದಂತೆ ಇಪ್ಪತ್ತು ಕಿಲೊ ಅಕ್ಕಿ. ಉಳಿದ ಅಕ್ಕಿಯ ಬದಲು ಬ್ಯಾಂಕಿಗೆ ಹಣ ಬರುತ್ತಿದ್ದ ಕಾಲ ಅದು, ಬಂದ ತಿಂಗಳು ಬಂತು, ಬಾರದ ತಿಂಗಳು ಇಲ್ಲ. ಅಕ್ಕಿ ಇಪ್ಪತ್ತನೆಯ ತಾರೀಖಿನ ತನಕ ಎಳೆಯುತ್ತಿತ್ತು, ಅಲ್ಲಿಂದ ಮುಂದೆ ನುಚ್ಚು, ಗಂಜಿ, ಖಾನಾವಳಿಯಲ್ಲಿ ಉಳಿದ ಸೀದ ರೊಟ್ಟಿ. ಬೇಳೆಯನ್ನು ಮಾತ್ರ ನಾವು ಕೊಳ್ಳುತ್ತಿರಲಿಲ್ಲ. ಮಾರ್ಕೆಟ್ಟಿನಲ್ಲಿ ಚೀಲದಿಂದ ಉದುರಿದ ತೊಗರಿ, ಹೆಸರು, ಕಡಲೆ ಎಲ್ಲ ಮಣ್ಣಿನ ಜತೆ ಬಳಿದು ಉತ್ತಮ ತರುತ್ತಿದ್ದ. ಅತ್ತೆ ಅದನ್ನು ಕೇರಿ, ಹರಳು ಆರಿಸಿ, ತೊಳೆದು ಒಣಗಿಸಿ, ಬೀಸುಕಲ್ಲಿನಲ್ಲಿ ಒಡೆದು ಬೇಳೆ ಮಾಡುತ್ತಿದ್ದಳು. ಆಕೆ ಔರಾದ ಕಡೆಯವಳು. ಹೊಲದ ಕೂಲಿಯನ್ನು ವಾರಕ್ಕೊಮ್ಮೆ ಕಾಳಿನಲ್ಲಿ ಕೊಡುತ್ತಿದ್ದ ಕಾಲದಲ್ಲಿ ಆಕೆಯ ಅವ್ವ ಹೀಗೆ ಗಂಟು ಕಟ್ಟುತ್ತಿದ್ದಳಂತೆ.

ಗಂಟಿನಲ್ಲಿ ತಲೆಗೊಂದು ಮುಟಗಿ, ಅಂದರೆ ಒಂದು ಹಿಡಿ. ಸಂತೆಯ ಮರುದಿನ ಪುಂಡಿಪಲ್ಯ, ಅದಕ್ಕೆ ತೊಗರಿಬೇಳೆ. ಅದರ ಮರುದಿನ ಬಾಡಿದ ಬದನೆಕಾಯಿಗೂ ತೊಗರಿ. ನಡುವಾರ ಕಡಲೆಹಿಟ್ಟಿನ ಝುಣಕ. ಪಲ್ಯವೆಲ್ಲ ಮುಗಿದ ದಿನ ಹೆಸರುಬೇಳೆಯ ಖಿಚಡಿ, ಶೇಂಗಾ ಕುಟ್ಟಿದ ಹಿಂಡಿ. ಯಾವ ದಿನ ಏನು ಎಂದು ಆಕೆ ರವಿವಾರವೇ ಗೊತ್ತು ಮಾಡಿ, ಅದಕ್ಕೆ ತಕ್ಕ ಕಾಳು ಅದಕ್ಕೆ ತಕ್ಕ ಬಣ್ಣದಲ್ಲಿ ಕಟ್ಟುತ್ತಿದ್ದಳು. ನಾನು ಬಿಚ್ಚುವುದು, ಬೇಯಿಸುವುದು. ಹನ್ನೊಂದು ವರ್ಷ ನಾವಿಬ್ಬರೂ ಹೀಗೆ ಬಾಳುವೆ ಮಾಡಿದೆವು. ಜಗಳ ಆಡುತ್ತಿದ್ದೆವು, ಆದರೆ ಒಂದೇ ಒಲೆಯ ಮುಂದೆ ಕೂತು ಆಡುತ್ತಿದ್ದೆವು.

ಒಲೆ ಎರಡಾಗಬೇಕು ಎಂಬ ಮಾತು ತಂದವರು ಮಚ್ಛೇಂದ್ರ ಭಾವ. ಅವರು ನನ್ನ ಗಂಡನ ದೊಡ್ಡಪ್ಪನ ಮಗ, ತಹಸೀಲ ಕಚೇರಿಯ ಹೊರಗೆ ಕೂತು ಮಂದಿಯ ಅರ್ಜಿ ಬರೆಯುತ್ತಾರೆ.

"ಕಾಕುನ ಹೆಸರು ನಿಮ್ಮ ಕಾರ್ಡಿನ್ಯಾಗಿಂದ ತಗಿಸ್ರಿ," ಅಂದರು. ಅತ್ತೆಯನ್ನು ಅವರು ಕಾಕು ಅನ್ನುತ್ತಾರೆ. "ಒಂಟಿ ಮುದುಕಿ, ನೋಡ್ಕೊಳ್ಳೋರು ಯಾರೂ ಇಲ್ಲ ಅಂತ ಅಂತ್ಯೋದಯ ಕಾರ್ಡಿಗಿ ಅರ್ಜಿ ಹಾಕ್ತೇನಿ. ಒಬ್ಬಾಕಿ ಇದ್ರೂ ಮೂವತ್ತೈದು ಕಿಲೊ ಬರ್ತದ. ನಿಮ್ಮ ಹದಿನೈದು ಬ್ಯಾರೆ. ಒಟ್ಟು ಐವತ್ತು."

ಐವತ್ತು ಕಿಲೊ ಎಂದರೆ ತಿಂಗಳ ಕೊನೆಯ ಹತ್ತು ದಿನವೂ ಮಗಳ ತಾಟಿನಲ್ಲಿ ಅನ್ನ. ನನಗೆ ಬೇರೇನೂ ಕೇಳಿಸಲಿಲ್ಲ. ಉತ್ತಮ ತಲೆ ಕೆರೆದುಕೊಂಡ. ಅತ್ತೆ ಬೇಳೆ ಆರಿಸುತ್ತ ಕೂತಿದ್ದಳು, ತಲೆ ಎತ್ತಲಿಲ್ಲ.

"ನಿಮಗ ಹ್ಯಾಂಗ ಸೈ ಅನಸ್ತದ ಹಂಗ ಮಾಡ್ರೆಪಾ," ಅಂದಳು.

ಆದರೆ ಅಧಿಕಾರಿ ಮನೆಗೆ ಬಂದು ನೋಡಿ ಪಂಚನಾಮೆ ಬರೆಯುತ್ತಾರೆ, ಬೇರೆ ಒಲೆ ಇರಲೇಬೇಕು. ಹಿಂದಿನ ದಿನ ತಗಡಿನ ಕೆಳಗೆ ಮೂಲೆಯಲ್ಲಿ ನಾನೇ ಮಣ್ಣು ಕಲಸಿ ಒಲೆ ಹಾಕಿದೆ. ಹಸಿ ಒಲೆ ಎಂದು ಎಲ್ಲಿ ಗೊತ್ತಾಗುತ್ತದೋ ಎಂದು ತೊಗರಿಕಟ್ಟಿಗೆ ಉರಿಸಿ ಒಣಗಿಸಿದೆ. ಅದೂ ಸಾಲದೆಂದು ಖಾನಾವಳಿಯ ಹಂಚಿನ ಮಸಿ ಕೆರೆದು ತಂದು ಒಲೆಯ ಬಾಯಿಗೆ ಬಳಿದೆ. ಪಕ್ಕಕ್ಕೆ ಒಂದು ಗಡಿಗೆ, ಒಂದು ತಾಟು, ಒಂದು ತಂಬಿಗೆ ಇಟ್ಟೆ. ನೋಡಿದರೆ ವರ್ಷಗಟ್ಟಲೆ ಅಲ್ಲಿ ಒಬ್ಬಳೇ ಮುದುಕಿ ಬೇಯಿಸಿಕೊಂಡು ಉಂಡಿದ್ದಾಳೆ ಅನ್ನಬೇಕು, ಹಾಗಿತ್ತು. ನನ್ನ ಕೆಲಸ ನೋಡಿ ನನಗೇ ಖುಷಿಯಾಯಿತು. ಇವತ್ತು ನೆನೆದರೆ ಕೈ ಕತ್ತರಿಸಿಕೊಳ್ಳಬೇಕೆನಿಸುತ್ತದೆ.

ಪಂಚನಾಮೆಯ ದಿನ ಬೆಳಿಗ್ಗೆ ಅತ್ತೆಗೂ ನನಗೂ ಜಗಳವಾಗಿತ್ತು. ಬುಧವಾರ ಅದು. ಹಿಂದಿನ ದಿನ ಶೀತಲಳಿಗೆ ಜ್ವರ ಬಂದಿತ್ತು ಎಂದು ಅತ್ತೆ ಶುಕ್ರವಾರದ ಗಂಟು ಬಿಚ್ಚಿ ಹೆಸರುಬೇಳೆಯ ಕಟ್ಟು ಮಾಡಿ ಕುಡಿಸಿದ್ದಳು. ಆಕೆಯದೇ ಕಾಯ್ದೆ, ಆಕೆಯೇ ಮುರಿದದ್ದು. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಆದರೆ ಖಾಲಿ ಅರಿವೆ ನೋಡಿದ ಕೂಡಲೇ ನನ್ನ ಬಾಯಿ ನನ್ನ ಕೈಯಲ್ಲಿ ಉಳಿಯಲಿಲ್ಲ. ನಿಮ್ಮ ಕೈ ಧಾರಾಳ, ಮನೆ ತೊಳೆದು ಹೋಗುವುದು ನಿಮ್ಮ ಕೈಯಿಂದಲೇ, ಎಂದು ಕೂಗಾಡಿದೆ. ಆಕೆ ಖಾಲಿ ಅರಿವೆಯನ್ನು ಕೊಡವಿ ಮಡಚಿ ಇಟ್ಟಳು.

ಮಧ್ಯಾಹ್ನ ಸಾಹೇಬರು ಬಂದರು. ಒಳ್ಳೆಯ ಮನುಷ್ಯ, ಚಪ್ಪಲಿ ಹೊರಗೆ ಬಿಟ್ಟು ಬಂದರು. ಒಲೆ ನೋಡಿದರು, ಗಡಿಗೆ ನೋಡಿದರು. ಆಮೇಲೆ ಉತ್ತಮನನ್ನು ಕೇಳಿದರು.

"ಇವರು ನಿಮ್ಮ ತಾಯಿ ಹೌದಲ್ರಿ? ನೀವು ನೋಡ್ಕೊಳ್ಳಂಗಿಲ್ಲೇನು?"

"ಇಲ್ರಿ ಸಾಹೇಬ್ರೆ," ಅಂದ ಉತ್ತಮ. ನೂರು ಕಿಲೊ ಚೀಲ ಹೊರುವ ಗಂಡಸು, ಆ ಎರಡು ಮಾತು ಹೊರಲಾರದೆ ಗೋಡೆ ಹಿಡಿದು ನಿಂತ.

ಸಾಹೇಬರಿಗೆ ನಂಬಿಕೆ ಬರಲಿಲ್ಲ. "ಒಂದೇ ಮನಿಯಾಗಿದ್ದು ತಾಯಿಗಿ ಊಟಕ್ಕ ಹಾಕಲ್ಲಂದ್ರ ಹ್ಯಾಂಗ್ರಿ? ಖರೇ ಹೇಳ್ರಿ."

ಮಚ್ಛೇಂದ್ರ ಭಾವ ನನ್ನ ಕಡೆ ನೋಡಿ ಕಣ್ಣಿನಲ್ಲೇ ಸನ್ನೆ ಮಾಡಿದರು. ಐವತ್ತು ಕಿಲೊ ಕೈಬಿಟ್ಟು ಹೋಗುತ್ತಿದೆ ಅನಿಸಿತು. ನಾನು ಮುಂದೆ ಬಂದೆ.

"ನಾ ಹೇಳ್ತೇನಿ ಕೇಳ್ರಿ ಸಾಹೇಬ್ರೆ. ಈಕಿ ಕೈ ಧಾರಾಳ, ನಮಗ ಪೂರೈಸಂಗಿಲ್ಲ. ಬ್ಯಾರೆ ಹಾಕಿ ವರ್ಷಾತು. ಆಕಿ ಗಂಗಾಳ ನಮ್ಮ ಸಾಲಿನ್ಯಾಗ ಇಡಂಗಿಲ್ಲ. ಉಂಡಾಳೋ ಇಲ್ಲೋ ನಾ ಕೇಳಂಗೂ ಇಲ್ಲ. ಆಕಿದು ಆಕಿಗಿ, ನಮ್ಮದು ನಮಗ."

ಆಡಿದ್ದು ನಾಟಕವೇ. ಆದರೆ ನಾಟಕಕ್ಕೆ ಬೇಕಾದ ದನಿಯನ್ನು ನಾನು ಬೆಳಗಿನ ಜಗಳದಿಂದ ತಂದಿದ್ದೆ. ಆ ಮಾತಿನಲ್ಲಿ ಎಷ್ಟು ಸುಳ್ಳಿತ್ತು, ಎಷ್ಟು ಖರೆ ಇತ್ತು ಎಂದು ಆವತ್ತು ನನಗೇ ಗೊತ್ತಿರಲಿಲ್ಲ. ಅತ್ತೆ ಮೂರು ಮಾರು ದೂರದಲ್ಲಿ ಕೂತು ಎಲ್ಲ ಕೇಳಿಸಿಕೊಂಡಳು.

ಸಾಹೇಬರು ನಂಬಿದರು. ಬರೆದರು. ಬರೆದದ್ದನ್ನು ಓದಿ ಹೇಳುವುದು ಕಾಯ್ದೆ ಎಂದು ಓದಿದರು: ಸದರಿ ಗಿರಿಜಾಬಾಯಿ ಇವರಿಗೆ ಪೋಷಣೆ ಮಾಡುವವರು ಯಾರೂ ಇರುವುದಿಲ್ಲ.

"ಹಂಗಂದ್ರ ಏನ್ರಿ?" ಅತ್ತೆ ಕೇಳಿದಳು.

"ನಿಮಗ ಅಂತ ಯಾರೂ ಇಲ್ಲ ಅಂತ ಅಜ್ಜಿ. ಬರೋಬರ್ ಅದೇನು?"

ಅತ್ತೆ ಒಮ್ಮೆ ಉತ್ತಮನನ್ನು ನೋಡಿದಳು. ನನ್ನನ್ನು ನೋಡಲಿಲ್ಲ. "ಬರೋಬರ್ ಅದರಿ," ಎಂದು ಹೆಬ್ಬೆಟ್ಟು ಮುಂದೆ ಮಾಡಿದಳು.

ಅವತ್ತು ಸಂಜೆ ನಾನು ಖಾನಾವಳಿಯಿಂದ ಬರುವಾಗ ತಗಡಿನ ಕೆಳಗಿನ ಒಲೆಯಿಂದ ಹೊಗೆ ಏಳುತ್ತಿತ್ತು. ಅತ್ತೆ ಗಡಿಗೆಯಲ್ಲಿ ಒಂದು ಹಿಡಿ ಅಕ್ಕಿ ಬೇಯಿಸುತ್ತಿದ್ದಳು. ನಾನು ಒಳಗೆ ಹೋಗಿ ಅಡಿಗೆ ಮಾಡಿ ತಾಟು ಹಾಕಿದೆ. ಅಭ್ಯಾಸದಂತೆ ನಾಲ್ಕು ಹಾಕಿ, ಒಂದನ್ನು ಹಿಂದಕ್ಕೆ ತೆಗೆದಿಟ್ಟೆ. ಉತ್ತಮ ಹೊರಗೆ ಹೋಗಿ ಕರೆದ.

"ಅವ್ವ, ಏಳು, ಉಣ್ಣಾಕ ಬಾ. ಸಾಹೇಬ ಹೋಗ್ಯಾನ."

"ಸಾಹೇಬ ಹೋಗ್ಯಾನ, ಒತ್ತಿದ ಅಂಗೂಠಾ ಹೋಗಿಲ್ಲ," ಅಂದಳು ಅತ್ತೆ. "ದಿನಾ ಮುಂಜಾನೆದ್ದು ಪಂಚಶೀಲ ಹೇಳ್ತೇನಿ ಉತ್ತಮ. ಸುಳ್ಳ ಹೇಳಂಗಿಲ್ಲ ಅಂತ ಬುದ್ಧನ ಮುಂದ ಕೈ ಮುಗೀತೇನಿ. ಸುಳ್ಳ ಬರೆಸಿ ತಂದ ಅಕ್ಕಿ ನನ್ನ ಮೊಮ್ಮಗಳ ಹೊಟ್ಟಿಗಿ ಹ್ಯಾಂಗ ಹಾಕ್ಲಿ? ಅದನ್ನ ಖರೇ ಮಾಡಿಬಿಡ್ತೇನಿ, ಮುಗೀತು. ನೀ ಹೋಗು, ಉಣ್ಣು."

ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಫೋಟೋ ಇದೆ, ಬಾಬಾಸಾಹೇಬರ ಫೋಟೋ ಇದೆ. ಅತ್ತೆ ಪಂಚಶೀಲ ತಪ್ಪಿಸಿದ ದಿನವನ್ನು ನಾನು ಕಾಣೆ. ಹಾಗಾಗಿ ಉತ್ತಮ ಅದನ್ನು ನಂಬಿದ. ನಾನು ಅರ್ಧ ನಂಬಿದೆ. ಉಳಿದ ಅರ್ಧಕ್ಕೆ ಕಾರಣ ನನ್ನ ಮಾತು ಎಂದು ನನಗೆ ಗೊತ್ತಿತ್ತು. ಎದ್ದು ಹೋಗಿ, ಅತ್ತಿ, ಬಾರ್ರಿ ಊಟಕ್ಕ, ಎಂದು ನಾನೇ ಒಂದು ಸಲ ಕರೆಯಬೇಕಿತ್ತು. ಉತ್ತಮ ಕರೆದದ್ದಾಯಿತಲ್ಲ, ಮತ್ತೆ ನಾನೇಕೆ ಕಾಲು ಹಿಡಿಯಬೇಕು ಅನಿಸಿತು. ನಾಳೆ ತಾನೇ ಬರುತ್ತಾಳೆ ಅಂದುಕೊಂಡೆ.

ಬರಲಿಲ್ಲ. ಕಾರ್ಡು ಬಂತು. ಮೂವತ್ತೈದು ಕಿಲೊ ಬಂತು, ಒಂದೆರಡು ತಿಂಗಳು ಅದರಲ್ಲಿ ಜೋಳವೂ ಬಂತು. ಅತ್ತೆ ರೇಶನ್ ಅಂಗಡಿಯ ಮಷೀನಿನ ಮೇಲೆ ಹೆಬ್ಬೆಟ್ಟು ಒತ್ತಿ, ಉತ್ತಮನ ಸೈಕಲ್ಲಿನ ಮೇಲೆ ಚೀಲ ಹೇರಿಸಿಕೊಂಡು ಬಂದು, ಐದು ಕಿಲೊ ತನಗೆ ತೆಗೆದುಕೊಂಡು ಉಳಿದದ್ದನ್ನು ನಮ್ಮ ಡಬ್ಬಿಯಲ್ಲಿ ಸುರಿದಳು.

"ಇದು ಏನ್ರಿ ಅತ್ತಿ?" ಎಂದೆ.

"ಬಾಜೂಮನಿಯವರಿಗಿ ಕೊಟ್ಟಂಗ ಕೊಡ್ಲಾಕತ್ತೀನಿ. ದಾನ ಕೊಡಬಾರದು ಅಂತ ಎಲ್ಲೂ ಬರದಿಲ್ಲ."

ತಿಂಗಳ ಕೊನೆಯ ಹತ್ತು ದಿನವೂ ಮಗಳ ತಾಟಿನಲ್ಲಿ ಅನ್ನ ಬಂತು. ನಾನು ಬಯಸಿದ್ದೆಲ್ಲ ಆಯಿತು. ಆ ಅನ್ನ ಬಡಿಸುವಾಗ ತಗಡಿನ ಕೆಳಗೆ ಒಬ್ಬಳೇ ಗೋಡೆಗೆ ಮುಖ ಮಾಡಿ ಉಣ್ಣುವ ಆಕೆಯ ಬೆನ್ನು ಬಾಗಿಲಿನಿಂದ ಕಾಣುತ್ತಿತ್ತು. ನಾನು ಬಾಗಿಲು ಮುಂದೆ ಮಾಡುತ್ತಿದ್ದೆ. ಆಮೇಲೆ ಸೆಕೆ ಎಂದು ತೆಗೆಯುತ್ತಿದ್ದೆ.

ಗಂಟು ಕಟ್ಟುವುದನ್ನು ಆಕೆ ಬಿಡಲಿಲ್ಲ. ರವಿವಾರ ಶೀತಲಳನ್ನು ಕೂಡಿಸಿಕೊಂಡು ಏಳು ಗಂಟು ಕಟ್ಟಿ ನಮ್ಮ ಒಲೆಯ ಪಕ್ಕ ಸಾಲಾಗಿ ಇಟ್ಟು ಹೋಗುತ್ತಿದ್ದಳು. ಅವು ನಮ್ಮ ಗಂಟು. ತನಗೆ ಬೇರೆ ಗಂಟು ಕಟ್ಟಿಕೊಂಡದ್ದನ್ನು ನಾನು ನೋಡಲಿಲ್ಲ. ಅನ್ನ, ಹಿಂಡಿ, ಒಂದು ಉಳ್ಳಾಗಡ್ಡಿ, ಅಷ್ಟರಲ್ಲೇ ಆಕೆಯ ಊಟ ಮುಗಿಯುತ್ತಿತ್ತು. ಬೇಳೆ ಯಾಕೆ ಮಾಡಿಕೊಳ್ಳುವುದಿಲ್ಲ ಎಂದು ಉತ್ತಮ ಕೇಳಿದರೆ ಹಲ್ಲಿಲ್ಲ ಅನ್ನುತ್ತಿದ್ದಳು. ಹಲ್ಲಿಲ್ಲದವರಿಗೆ ಬೇಳೆಯೇ ಸಲೀಸು ಎಂದು ನನಗೆ ಹೊಳೆಯಬೇಕಿತ್ತು.

ನಮ್ಮ ಬೇಳೆ ಮಾತ್ರ ದಿನಾ ಒಂದು ಸೌಟು ಉಳಿಯತೊಡಗಿತು. ಮೂವರು ಉಂಡ ಮೇಲೂ ಪಾತ್ರೆಯ ತಳದಲ್ಲಿ ಒಬ್ಬರ ಪಾಲು. ಅದನ್ನು ನೋಡಿದರೆ ನನಗೆ ಸಿಟ್ಟು ಬರುತ್ತಿತ್ತು. ಕೈ ಧಾರಾಳ ಅಂದಿದ್ದೆನಲ್ಲ, ಅದಕ್ಕೇ ಬೇಕಂತಲೇ ಹೆಚ್ಚು ಹಾಕಿ ನನ್ನನ್ನು ಚುಚ್ಚುತ್ತಿದ್ದಾಳೆ ಅಂದುಕೊಂಡೆ. ಉಳಿದದ್ದನ್ನು ಸಣ್ಣ ಬಟ್ಟಲಿನಂಥ ವಾಟಿಯಲ್ಲಿ ಹಾಕಿ ಶೀತಲಳ ಕೈಯಲ್ಲಿ ಕೊಟ್ಟು, ಆಯಿಗಿ ಕೊಟ್ಟು ಬಾ, ಎಂದು ಅಜ್ಜಿಯ ಹತ್ತಿರ ಕಳಿಸುತ್ತಿದ್ದೆ. ಶೀತಲ ಆ ಬೇಳೆಯನ್ನು ಹಾಗೆಯೇ ಹಿಂದಕ್ಕೆ ತರುತ್ತಿದ್ದಳು. ಅದರ ಮೇಲೆ ಅತ್ತೆ ಎರಡು ಚಮಚ ಹಿಂಡಿ ಹಾಕಿ ಕಳಿಸಿರುತ್ತಿದ್ದಳು.

"ಆಯಿ ಏನಂದ್ಳು?"

"ನಿಮ್ಮವ್ವ ಏನಂದ್ಳು ಅಂತ ಕೇಳಿದ್ಳು. ಕೊಟ್ಟು ಬಾ ಅಂದ್ಳು ಅಂದೆ. ಹೌದಾ, ಅಂದ್ಳು."

ಮರುದಿನ ಬೆಳಿಗ್ಗೆ ಹಳಸಿದ ಬೇಳೆಯನ್ನು ಓಣಿಯ ಆಡಿಗೆ ಹಾಕುತ್ತಿದ್ದೆ. ಆಕೆಗೆ ಕಾಣುವಂತೆಯೇ ಹಾಕುತ್ತಿದ್ದೆ. ಅದನ್ನೂ ಹೇಳಿಬಿಡುತ್ತೇನೆ.

ಹೀಗೆ ಹತ್ತು ತಿಂಗಳು. ಸಾಹೇಬರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ನಾನು ದಿನಾ ಕಾದೆ. ಆಕೆ ಇವತ್ತು ತಾಟು ಹಿಡಿದು ಒಳಗೆ ಬಂದರೆ ಏನೂ ಆಗಿಲ್ಲವೆಂಬಂತೆ ಬಡಿಸಿಬಿಡುವುದು, ಎಂದು ಮನಸ್ಸಿನಲ್ಲಿ ಎಷ್ಟೋ ಸಲ ಬಡಿಸಿದೆ. ಕರೆಯುವುದು ಮಾತ್ರ ಆಗಲಿಲ್ಲ. ಬಾಗಿಲಿನ ತನಕ ಹೋಗುತ್ತಿದ್ದೆ, ಆ ದಿನದ ಸಣ್ಣ ಸಿಟ್ಟು ಯಾವುದಾದರೂ ಅಡ್ಡ ನಿಲ್ಲುತ್ತಿತ್ತು.

ಡಿಸೆಂಬರಿನ ಚಳಿಯಲ್ಲಿ ತಗಡಿನ ಕೆಳಗೆ ಕೂತು ಉಣ್ಣುತ್ತಿದ್ದಾಕೆಗೆ ಕೆಮ್ಮು ಹಿಡಿಯಿತು. ರವಿವಾರ ಕೆಮ್ಮುತ್ತಲೇ ಗಂಟು ಕಟ್ಟಿದಳು. ಮಂಗಳವಾರ ಉಸಿರು ಮೇಲೆ ಕೆಳಗೆ ಆಯಿತು. ಉತ್ತಮ ಜೀಪು ಮಾಡಿಕೊಂಡು ಬಂದ, ಬೀದರಿನ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದೆವು. ದಾರಿಯುದ್ದಕ್ಕೂ ಆಕೆಯ ತಲೆ ನನ್ನ ತೊಡೆಯ ಮೇಲಿತ್ತು. ಎಷ್ಟು ಹಗುರಾಗಿದ್ದಳೆಂದರೆ, ಜೀಪು ಕುಣಿದಾಗಲೆಲ್ಲ ಎರಡೂ ಕೈಯಲ್ಲಿ ಅವುಚಿ ಹಿಡಿಯಬೇಕಾಯಿತು. ಹತ್ತು ತಿಂಗಳಲ್ಲಿ ನಾನು ಆಕೆಯನ್ನು ಮುಟ್ಟಿದ್ದು ಅದೇ ಮೊದಲು.

ದವಾಖಾನೆಯವರು ಚೆನ್ನಾಗಿಯೇ ನೋಡಿದರು. ಮೂಗಿಗೆ ನಳಿಗೆ ಹಾಕಿದರು, ಸಲಾಯಿನ್ ಹಚ್ಚಿದರು. ಬುಧವಾರ ಮಧ್ಯಾಹ್ನ ಜ್ವರ ಇಳಿಯಿತು, ಕಣ್ಣು ಬಿಟ್ಟಳು. ಉತ್ತಮ ಔಷಧ ತರಲು ಕೆಳಗೆ ಹೋಗಿದ್ದ. ನಾನು ಹೊರಗಿನ ಅಂಗಡಿಯಲ್ಲಿ ಅಕ್ಕಿಗಂಜಿ ಮಾಡಿಸಿ, ವಾಟಿಯಲ್ಲಿ ಹಾಕಿಕೊಂಡು ಹಾಸಿಗೆಯ ಪಕ್ಕ ಬಂದು ನಿಂತೆ. ನರ್ಸಮ್ಮ ರೇಶನ್ ಕಾರ್ಡು ನೋಡಿ ಏನೋ ಬರೆದುಕೊಳ್ಳುತ್ತಿದ್ದಳು.

"ಇದರಾಗ ನಿಮ್ಮೊಬ್ಬರದೇ ಹೆಸರು ಅದ ಅಜ್ಜಿ. ಈಕಿ ಯಾರು ನಿಮ್ಮ ಸಂಗಡ ಬಂದಾಕಿ?"

ಅತ್ತೆ ಮೂಗಿನ ನಳಿಗೆಯ ಮೇಲಿನಿಂದ ನನ್ನನ್ನು ನೋಡಿದಳು. "ಬಾಜೂಮನಿಯಾಕಿರಿ," ಅಂದಳು. "ಭಾಳ ಛಲೋ ಹುಡುಗಿ."

ನನಗೆ ಮೈಯೆಲ್ಲ ಉರಿಯಿತು. ಎರಡು ದಿನ ಖಾನಾವಳಿಯ ಕೆಲಸ ಬಿಟ್ಟು, ಮಗಳನ್ನು ಓಣಿಯವರ ಮನೆಯಲ್ಲಿ ಬಿಟ್ಟು, ಈಕೆಯ ಮಲಮೂತ್ರ ಬಳಿಯುತ್ತ ಕೂತವಳು ನಾನು. ಬಾಜೂಮನೆಯವಳಂತೆ. ಕಾರ್ಡು ಉಳಿಯಲಿ ಎಂದು ಅಂದಳೋ, ಹೆಬ್ಬೆಟ್ಟಿನ ಮಾತು ಉಳಿಸಿಕೊಳ್ಳಲಿಕ್ಕೆ ಅಂದಳೋ ಎಂದು ಆಗ ತಲೆಗೆ ಹೋಗಲಿಲ್ಲ.

"ಗಂಜಿ ಕುಡಿಸ್ರಿ ಅವರಿಗಿ, ಆರ್ತದ," ಅಂದಳು ನರ್ಸಮ್ಮ.

ಅತ್ತೆ ನನ್ನ ಕೈಯಲ್ಲಿದ್ದ ವಾಟಿಯನ್ನೇ ನೋಡುತ್ತಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಉಣ್ರಿ ಅತ್ತಿ, ಎಂದು ಒಂದು ಚಮಚ ಮುಂದೆ ಮಾಡಿದ್ದರೆ ಮುಗಿಯುತ್ತಿತ್ತು.

"ಅವರು ತಾವೇ ಉಣ್ತಾರ್ರಿ. ಬ್ಯಾರೆಯವರ ಕೈಲೆ ಉಣ್ಣಂಗಿಲ್ಲ ಅವರು," ಎಂದು ವಾಟಿಯನ್ನು ಪಕ್ಕದ ಸ್ಟೂಲಿನ ಮೇಲೆ ಇಟ್ಟು, ನಾನು ಹೊರಗಿನ ಜಗುಲಿಗೆ ನಡೆದೆ. ಅಲ್ಲಿ ಕೂತು ಅತ್ತುಬಿಟ್ಟೆ. ಅತ್ತು ಸಿಟ್ಟು ಇಳಿಸಿಕೊಂಡು, ಮುಖ ತೊಳೆದು ಒಳಗೆ ಬರುವಷ್ಟರಲ್ಲಿ ಆಕೆ ನಿದ್ದೆ ಹೋಗಿದ್ದಳು. ಗಂಜಿಯ ಮೇಲೆ ಕೆನೆ ಕಟ್ಟಿತ್ತು. ಎಬ್ಬಿಸುವುದು ಬೇಡ, ಎದ್ದ ಮೇಲೆ ಬಿಸಿ ಮಾಡಿಸಿ ನಾನೇ ಕುಡಿಸುತ್ತೇನೆ ಅಂದುಕೊಂಡೆ. ಈ ಸಲ ಖರೇನೇ ಅಂದುಕೊಂಡಿದ್ದೆ. ಗುರುವಾರ ಬೆಳಿಗ್ಗೆ ಚಹಾದವನು ಬರುವ ಹೊತ್ತಿಗೆ ಅತ್ತೆ ಹೋಗಿಬಿಟ್ಟಿದ್ದಳು.

ಹೆಣ ಕೊಡುವ ಮುಂಚೆ ಕಾಗದದ ಮೇಲೆ ಸಂಬಂಧ ಬರೆಯಬೇಕಿತ್ತು. ಅಲ್ಲಿ ನರ್ಸಮ್ಮ ಆಗಲೇ ನೆರೆಮನೆಯವರು ಎಂದು ಬರೆದಿದ್ದಳು.

"ನೆರಿಮನಿಯವರಿಗಿ ಕೊಡ್ಲಾಕ ಬರಂಗಿಲ್ರಿ. ನಿಮಗೇನಾಗ್ಬೇಕು ಇವರು?" ಎಂದು ಕಿಟಕಿಯಲ್ಲಿದ್ದವನು ಕೇಳಿದ.

"ಅವ್ವ ಆಗ್ಬೇಕು," ಅಂದ ಉತ್ತಮ. "ನಾ ಮಗ ಇದ್ದೀನಿ. ಬರಕೋರಿ. ಮಗ ಇದ್ದಾನ ಅಂತ ಬರಕೋರಿ." ಕಿಟಕಿಯ ಸರಳು ಹಿಡಿದು ಅತ್ತ. ಇಷ್ಟು ವರ್ಷದಲ್ಲಿ ಗಂಡ ಅತ್ತದ್ದನ್ನು ನಾನು ನೋಡಿರಲಿಲ್ಲ.

ಭಾಲ್ಕಿಗೆ ತಂದು ಮಣ್ಣು ಮಾಡಿದೆವು. ಬೌದ್ಧ ಗುರು ಭಂತೇಜಿ ಬಂದು ತ್ರಿಶರಣ ಪಂಚಶೀಲ ಹೇಳಿಸಿದರು. ನಾಲ್ಕನೆಯ ಶೀಲ ಬಂದಾಗ, ಸುಳ್ಳು ಹೇಳುವುದಿಲ್ಲ ಎಂದು ಎಲ್ಲರ ಜತೆ ಹೇಳಲು ನನ್ನ ದನಿ ಏಳಲಿಲ್ಲ. ಔರಾದದಿಂದ ಅತ್ತೆಯ ತವರಿನವರು ರೊಟ್ಟಿ ಕಟ್ಟಿಕೊಂಡು ಬಂದು ಮೂರು ದಿನ ನಮಗೆ ಉಣ್ಣಿಸಿದರು. ಎರಡೂ ಒಲೆ ತಣ್ಣಗಿದ್ದವು. ಮಚ್ಛೇಂದ್ರ ಭಾವ ಬಂದು, ಕಾರ್ಡು ವಾಪಸ್ ಕೊಡಬೇಕಾಗುತ್ತದೆ ಎಂದು ಮೆತ್ತಗೆ ಹೇಳಿ, ಅದನ್ನು ತೆಗೆದುಕೊಂಡು ಹೋದರು.

ರವಿವಾರ ಬಂತು. ಬಂದವರೆಲ್ಲ ಹೊರಟು ಹೋದರು. ಒಲೆಯ ಪಕ್ಕ ಆ ವಾರದ ನಾಲ್ಕು ಗಂಟು ಹಾಗೇ ಉಳಿದಿದ್ದವು,  ಬುಧವಾರದಿಂದ ಶನಿವಾರದವರೆಗಿನವು. ಇನ್ನು ಗಂಟು ಕಟ್ಟುವವಳು ನಾನು. ಅವನ್ನು ಬಿಚ್ಚಿ, ಕಾಳು ಕೂಡಿಸಿಕೊಂಡು, ಹೊಸ ವಾರ ಕಟ್ಟೋಣವೆಂದು ಬಾಗಿಲಲ್ಲಿ ಆಕೆ ಕೂರುತ್ತಿದ್ದ ಜಾಗದಲ್ಲೇ ಮೊರ ಇಟ್ಟುಕೊಂಡು ಕೂತೆ. ಶೀತಲ ಎದುರಿಗೆ ಬಂದು ಕೂತಳು. ಹಸಿರು ಗಂಟು ಬಿಚ್ಚಿ ಮೊರದಲ್ಲಿ ಸುರಿದೆ. ಹೆಸರುಬೇಳೆ, ಒಂದು ಹರಳಿಲ್ಲ, ಒಂದು ಸಿಪ್ಪೆ ಇಲ್ಲ. ತಲೆಗೊಂದರಂತೆ ಮೂರು ಮುಟಗಿ ಅಳೆದು ಪಕ್ಕಕ್ಕೆ ಹಾಕಿದೆ. ಮೊರದಲ್ಲಿ ಇನ್ನೊಂದು ಮುಟಗಿ ಉಳಿಯಿತು.

"ನೋಡು, ನಿಮ್ಮ ಆಯಿ ಕೈ," ಎಂದೆ. ಅಳು ಬರುತ್ತಿತ್ತು, ಬೈಯುವ ದನಿಯಲ್ಲಿ ಬಂತು. "ಯಾವಾಗ್ಲೂ ಹೆಚ್ಚಿಗಿ."

"ಹೆಚ್ಚಿಗಿ ಅಲ್ಲವ್ವ, ನಾಕೇ," ಅಂದಳು ಶೀತಲ. ಲೆಕ್ಕ ತಪ್ಪಿದವರಿಗೆ ತಿದ್ದಿ ಹೇಳುವಂತೆ ಬೆರಳು ಮಡಚಿದಳು. "ಅಪ್ಪಂದು ಒಂದು, ನಿಂದೊಂದು, ನಂದೊಂದು, ಆಯಿದೊಂದು. ದಿನದ್ದೂ ಹಿಂಗೇ ಕಟ್ತಿದ್ಳು."

"ಆಯಿ ಬ್ಯಾರೆ ಮಾಡ್ಕೊಂಡು ಉಣ್ತಿದ್ಳಲ್ಲ. ಆಕಿ ಮುಟಗಿ ನಮ್ಮ ಗಂಟಿನ್ಯಾಗ ಯಾಕ?"

"ನಾನೂ ಕೇಳಿದ್ದೆ," ಅಂದಳು ಮಗಳು. "ನಿಮ್ಮವ್ವ ಯಾವತ್ತರೆ ಕರದ್ಳಂದ್ರ ಗಡಿಗಿನ್ಯಾಗ ಕಮ್ಮಿ ಬೀಳಬಾರದು ಅಂದ್ಳು."

ನಾನು ಮೊರ ಕೆಳಗಿಟ್ಟೆ.

ಉಳಿದ ಮೂರು ಗಂಟೂ ಬಿಚ್ಚಿದೆ. ನಾಲ್ಕು, ನಾಲ್ಕು, ನಾಲ್ಕು. ಹತ್ತು ತಿಂಗಳು ಆಕೆ ತನ್ನ ಬೇಳೆಯನ್ನು ನನ್ನ ಪಾತ್ರೆಯಲ್ಲಿ ಬೇಯಲು ಬಿಟ್ಟು, ಒಣ ಅನ್ನ ಉಂಡು, ನನ್ನ ಒಂದು ಮಾತಿಗೆ ಕಿವಿ ಇಟ್ಟು ಕೂತಿದ್ದಳು. ಪಂಚಶೀಲ ಎಂದು ಆಕೆ ಮಗನಿಗೆ ಹೇಳಿದ್ದು ಸುಳ್ಳಲ್ಲ, ಆದರೆ ನಾನು ಕರೆದಿದ್ದರೆ ಎದ್ದು ಬರುತ್ತಿದ್ದಳು. ಮಗ ಕರೆದರೆ ಬರುವುದು ಸಾಧ್ಯವಿರಲಿಲ್ಲ, ಆ ಮಾತು ಆಡಿದವಳು ನಾನು. ಆಕೆಯ ಪಾಲನ್ನು ನಾನು ಆಕೆಯ ಕಣ್ಣೆದುರಿಗೇ ಆಡಿಗೆ ಹಾಕಿದೆ. ನಮ್ಮ ಒಲೆಯಿಂದ ಆ ಒಲೆಗೆ ಎಂಟು ಹೆಜ್ಜೆ. ನಾನು ಹಾಕಿ ನೋಡಿದ್ದೇನೆ.

ಆ ರವಿವಾರ ಏಳು ಗಂಟು ಕಟ್ಟಿದೆ. ಎಷ್ಟು ಹಾಕಬೇಕು ಎಂದು ಶೀತಲ ಕೇಳಿದಳು, ನಾಲ್ಕು ಎಂದೆ. ಸಂಜೆ ಬೇಳೆ ಬೆಂದಾಗ ನಾಲ್ಕು ತಾಟು ಹಾಕಿ, ಬಾಗಿಲಿಗೆ ಹೋಗಿ ನಿಂತೆ. ತಗಡಿನ ಕೆಳಗಿನ ಒಲೆಯ ಬಾಯಲ್ಲಿ ನಾನು ಬಳಿದಿದ್ದ ಮಸಿ ಯಾವುದು, ಆಕೆ ಉರಿಸಿದ ಮಸಿ ಯಾವುದು ಎಂದು ಈಗ ಗೊತ್ತಾಗುತ್ತಿರಲಿಲ್ಲ.

"ಅತ್ತಿ," ಎಂದೆ, "ಬಾರ್ರಿ ಊಟಕ್ಕ."

ಒಳಗೆ ಉತ್ತಮ ಬಾಯಿಗೆ ಒಯ್ದ ನೀರಿನ ತಂಬಿಗೆಯನ್ನು ಕೆಳಗೆ ಇಳಿಸಿದ. ಮಗಳು ಅವನನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ನಾನು ಒಳಗೆ ಬಂದು ಎಲ್ಲರಿಗೂ ಬಡಿಸಿದೆ.